ನಮ್ಮೂರಲ್ಲ ಎಂಬ ನೆಪ

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ, ಮನೆ ಖಾಲಿ ಮಾಡುವ ದಿನ, ಟೀವಿ ಕೆಳಗಿನ ಡ್ರಾಯರನ್ನು ಎಳೆದೆ. ಗೋಡೆಗಡಿಯಾರದ, ರಿಮೋಟಿನ, ಟಾರ್ಚಿನ ಸತ್ತ ಸೆಲ್ಲುಗಳು. ಮಗನ ಆಟಿಕೆಯ ಬಟನ್ ಸೆಲ್ಲುಗಳು. ಹೊಟ್ಟೆಯುಬ್ಬಿದ ಒಂದು ಮೊಬೈಲ್ ಬ್ಯಾಟರಿ. ಲಾರಿ ಬಾಗಿಲಲ್ಲಿ ನಿಂತಿತ್ತು. ಎಲ್ಲವನ್ನೂ ಒಂದು ಚೀಲಕ್ಕೆ ಸುರಿದು ಕಸದ ಗಾಡಿಗೆ ಕೊಟ್ಟೆ. ಪೌರಕಾರ್ಮಿಕ ಮಹಿಳೆ ಅದನ್ನು ಬರಿಗೈಯಲ್ಲೇ ಪಡೆದರು. ಆಗ ಮನದಲ್ಲಿ ಸುಳಿದ ಮಾತನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು: ಇನ್ನು ಈ ಊರಿಗೂ ನಮಗೂ ಏನು?

ಹೊರನಾಡ ಕನ್ನಡಿಗರಾದ ನಮ್ಮ ನಾಗರಿಕತೆ ಸೋಲುವುದು ಈ ಪ್ರಶ್ನೆಯ ಮುಂದೆ. ರಾಜ್ಯೋತ್ಸವದ ವೇದಿಕೆಯಲ್ಲಿ ತವರಿನ ನೆಲಜಲಗಳನ್ನು ನೆನೆದು ಗದ್ಗದಿತರಾಗುತ್ತೇವೆ. ಅನ್ನವಿಟ್ಟ ಊರಿನ ನೆಲಜಲಕ್ಕೆ ಡ್ರಾಯರಿನ ವಿಷವನ್ನು ಸುರಿಯುತ್ತೇವೆ. ಬೆಂಗಳೂರಿನ ಕಸ ಮಂಡೂರಿನ ಜನರನ್ನು ಬೀದಿಗಿಳಿಸಿದಾಗ ಮರುಗಿದವರು ನಾವೇ. ವಿಶಾಖಪಟ್ಟಣದ ಕಸ ಹೊತ್ತ ಕಾಪುಲುಪ್ಪಾಡವೂ ಯಾರದೋ ತವರೂರು. ವಿಜಯವಾಡದಲ್ಲಿ ವರ್ಷಗಳ ಕಾಲ ಕಸ ಗುಡ್ಡೆಬಿದ್ದ ಅಜಿತ್ ಸಿಂಗ್ ನಗರ, 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿದಾಗ ದಿನಗಟ್ಟಲೆ ನೀರಿನಲ್ಲಿ ಮುಳುಗಿತ್ತು. ಕಸದ ನೀರು ಯಾವ ಮನೆಗೆ ಹೋಗಬೇಕೆಂದು ಕೇಳಿ ಹರಿಯುವುದಿಲ್ಲ.

'ಈಗಿನ ಸೆಲ್ಲುಗಳಲ್ಲಿ ಪಾದರಸ ಎಲ್ಲಿದೆ?' ಎಂದು ಸ್ನೇಹಿತರು ವಾದಿಸುತ್ತಾರೆ. ಹೊಸ ಆಲ್ಕಲೈನ್ ಸೆಲ್ಲುಗಳ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ನಮ್ಮ ಡ್ರಾಯರಿನಲ್ಲಿ ಒಂದೇ ಜಾತಿಯ ಸೆಲ್ಲಿರುವುದಿಲ್ಲ. ಹಳೆಯ ರೀಚಾರ್ಜ್ ಸೆಲ್ಲಿನಲ್ಲಿ ಕ್ಯಾಡ್ಮಿಯಂ ಇರಬಹುದು. ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಅರ್ಧಸತ್ಯವನ್ನು ಹಿಡಿದು ಇಡೀ ಡ್ರಾಯರನ್ನು ಬರಿದುಮಾಡುವುದು ಸೋಮಾರಿತನವೇ ಹೊರತು ವಿಜ್ಞಾನವಲ್ಲ.

ನಿಯಮವಿಲ್ಲವೇ? ಇದೆ. 2001ರ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಸೀಮಿತವಾಗಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡಿವೆ. ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು, ಪ್ರತ್ಯೇಕವಾಗಿ ಕೊಡುವ ಹೊಣೆ ನಮ್ಮದು. ಮನೆಯ ಅಪಾಯಕಾರಿ ಕಸಕ್ಕೆ 20 ಚದರ ಕಿಲೋಮೀಟರಿಗೊಂದು ಕೇಂದ್ರವಿರಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನಿಮ್ಮ ಮನೆಗೆ ಹತ್ತಿರದ ಕೇಂದ್ರ ಯಾವುದೆಂದು ಹೇಳಬಲ್ಲಿರಾ? ಕೇಂದ್ರ ಸರ್ಕಾರದ ನೌಕರಿಯಲ್ಲಿ ನಿಯಮ ಓದುವುದು ನನ್ನ ಕಸುಬು. ನಿಯಮ ಬಂದೊಡನೆ ಕೆಲಸ ಆಗುವುದಿಲ್ಲವೆಂಬುದನ್ನು ಕಲಿಸಿದ್ದೂ ಆ ಕಸುಬೇ.

ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಯಾರೂ ಎಸೆಯುವುದಿಲ್ಲ. ಸೀಸಕ್ಕೆ ಬೆಲೆಯಿದೆ, ಅಂಗಡಿಯವನೇ ಹಣ ಕಳೆದುಕೊಂಡು ಹೊಸದನ್ನು ಕೊಡುತ್ತಾನೆ. ಸತ್ತ ಪೆನ್ಸಿಲ್ ಸೆಲ್ಲಿಗೆ ಬೆಲೆಯಿಲ್ಲ, ಆದ್ದರಿಂದ ಅದು ಅನಾಥ. ಹಳೆಯ ಸೆಲ್ ಮರಳಿಸಿದವರಿಗೆ ಠೇವಣಿ ಹಿಂದಿರುಗಿಸುವ ಪದ್ಧತಿಗೆ 2022ರ ನಿಯಮಗಳಲ್ಲಿ ಅವಕಾಶವಿದೆ. ಮಾರುವಾಗ ಪ್ರತಿ ಕಿರಾಣಿ ಅಂಗಡಿಯನ್ನೂ ತಲುಪಬಲ್ಲ ಕಂಪನಿಗಳಿಗೆ ಮರಳಿ ಪಡೆಯುವಾಗ ಮಾತ್ರ ದಾರಿ ಕಾಣದೇ? ಇದನ್ನು ನಾವು ಕೇಳಬೇಕು, ಕೇಳುತ್ತಲೇ ಇರಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಒಣ ಪ್ಲಾಸ್ಟಿಕ್ ಡಬ್ಬಿ ಇರಲಿ. ಲಿಥಿಯಂ ಮತ್ತು ಬಟನ್ ಸೆಲ್ಲುಗಳ ತುದಿಗಳಿಗೆ ಟೇಪು ಸುತ್ತಿ. ಉಬ್ಬಿದ್ದನ್ನು ಚುಚ್ಚದೆ, ಬೇರೆಯಾಗಿ, ಬೆಂಕಿ ಹತ್ತುವ ವಸ್ತುಗಳಿಂದ ದೂರವಿಡಿ. ಯಾವುದನ್ನೂ ಸುಡಬೇಡಿ. ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ: ನುಂಗಿದ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು, ನುಂಗಿದ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಿ. ಊರೂರಿನ ಕನ್ನಡ ಸಂಘಗಳು ಈ ಡಬ್ಬಿಗಳನ್ನು ಒಟ್ಟುಗೂಡಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತರಾದ ಮರುಬಳಕೆದಾರರಿಗೆ ಒಪ್ಪಿಸಲಿ. ಹಬ್ಬದೂಟಕ್ಕೆ ಸೇರುವ ನಮಗೆ ಇದು ಹೆಚ್ಚಿನ ಶ್ರಮವಲ್ಲ.

ಮುಂದಿನ ವರ್ಗಾವಣೆಯ ಆದೇಶ ಇಂದೋ ನಾಳೆಯೋ ಬರುತ್ತದೆ. ನಾವು ಹೊರಡುತ್ತೇವೆ. ನಾವು ಎಸೆದದ್ದಕ್ಕೆ ವರ್ಗಾವಣೆಯಿಲ್ಲ. ಅದನ್ನು ಬರಿಗೈಯಲ್ಲಿ ಎತ್ತಿಕೊಂಡವರಿಗೂ ಇಲ್ಲ.