ಎಂಟು ಸಾವಿರದ ಬಾಸ್ ಗಿಟಾರೂ, "ಮುಟ್ಟಬೇಡ" ಎನ್ನುವವರೂ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಈಗ ಬರೀತಿರೋದೂ ಸ್ವಲ್ಪ ಸಿಟ್ಟಿನಲ್ಲೇ. ಅಲ್ಲಲ್ಲಿ ದನಿ ಏರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಅಕ್ಕನ ಮಗ ಶಿವಮೊಗ್ಗದಲ್ಲಿ ಪಿಯುಸಿ ಓದ್ತಾನೆ. ಭಾವನ ಹತ್ತಿರ ಹಠ ಮಾಡಿ ಒಂದು ಬಾಸ್ ಗಿಟಾರ್ ತೆಗೆಸಿಕೊಂಡಿದ್ದ. ಎಂಟು ಸಾವಿರದ್ದು. ಕಂಪನಿ ಹೆಸರು ಬೇಡ, ಆ ಬೆಲೆಗೆ ಸಿಗೋವೆಲ್ಲ ಒಂದೇ ತಾಯಿ ಮಕ್ಕಳ ಥರ ಇರ್ತವೆ. ನಾಲ್ಕು ತಿಂಗಳು ಕ್ಲಾಸಿಗೂ ಹೋದ. ದಸರಾ ರಜೆಗೆ ನಾನು ಹೋದಾಗ ನೋಡ್ತೀನಿ, ಬಾಸು ಬೀರುವಿನ ಮೇಲೆ ಹಳೇ ದುಪ್ಪಟಿ ಹೊದ್ದು ಮಲಗಿದೆ. ಯಾಕೋ ಅಂದ್ರೆ, "ನನ್ನ ಕೈ ಚಿಕ್ಕದಂತೆ ಮಾಮ, ಬಾಸ್ ಆಗಿಬರಲ್ವಂತೆ. ಕಲೀಲೇಬೇಕು ಅಂದ್ರೆ ಇದನ್ನ ಬಿಸಾಕಿ ನಲವತ್ತು ಸಾವಿರದ್ದು ತಗೋ ಅಂದ್ರು ಸರ್" ಅಂದ. ಎಡಗೈ ಬೆರಳ ತುದಿಯಲ್ಲಿ ಬೊಬ್ಬೆ ಒಡೆದು ಒಣಗಿದ ಗುರುತು ಇನ್ನೂ ಇತ್ತು.

ಇಳಿಸಿ, ಧೂಳು ಒರೆಸಿ, ಅವನ ಜಾಮೆಟ್ರಿ ಬಾಕ್ಸಿನ ಸ್ಕೇಲನ್ನೇ ಹದಿನೇಳನೇ ಫ್ರೆಟ್ ಮೇಲೆ ನಿಲ್ಲಿಸಿ ನೋಡಿದೆ. ದಪ್ಪ ತಂತಿ ಫ್ರೆಟ್ಟಿನಿಂದ ಐದೂವರೆ ಮಿಲಿಮೀಟರ್ ಮೇಲೆ ತೂಗ್ತಾ ಇದೆ. ಅಲ್ಲಿ ಇರಬೇಕಾದ್ದು ಎರಡು, ಹೆಚ್ಚಂದ್ರೆ ಎರಡೂವರೆ. ಕೈ ಚಿಕ್ಕದಂತೆ ಕೈ! ಭೀಮಸೇನ ಬಂದು ಒತ್ತಿದ್ರೂ ಅದ್ರಲ್ಲಿ ಬೊಬ್ಬೆ ಏಳ್ತಿತ್ತು.

ನನ್ನ ಜಗಳ ಇರೋದು ಇಲ್ಲೇ. ಆ ವಾದ್ಯ ಮಾರಿದವರು ಅದನ್ನ ಒಂದು ಸಲವೂ ಶ್ರುತಿ ಮಾಡಿ ನುಡಿಸಿ ನೋಡಿಲ್ಲ. ಕಲಿಸಿದವರು ನಾಲ್ಕು ತಿಂಗಳು ಎದುರಿಗೇ ಕೂತಿದ್ರೂ ಒಂದು ಸ್ಕೇಲ್ ಹಿಡಿದು ನೋಡಿಲ್ಲ. ಕೊನೆಗೆ ತಪ್ಪು ಯಾರದ್ದಾಯ್ತು? ಹದಿನೇಳು ವರ್ಷದ ಹುಡುಗನ ಕೈಯದ್ದು. ಹೀಗೆ ಎಷ್ಟು ಮನೆಗಳ ಬೀರುವಿನ ಮೇಲೆ ಎಷ್ಟು ಬಾಸುಗಳು ಮಲಗಿವೆಯೋ. ಅವುಗಳ ಜೊತೆಗೇ "ನಂಗೆ ಸಂಗೀತ ಬರಲ್ಲ" ಅಂತ ನಂಬಿಕೊಂಡ ಮಕ್ಕಳು ಎಷ್ಟಿದ್ದಾರೋ.

ಬಾಸ್ ಗಿಟಾರ್ ಅಂದ್ರೆ ಏನು ಅಂತ ಸ್ವಲ್ಪ ನೋಡಿ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗ ಇಟ್ಟ ತಂತಿಯ ಉದ್ದ 34 ಇಂಚು. ಇವತ್ತಿಗೂ ಬಹುಪಾಲು ಬಾಸುಗಳದ್ದು ಅದೇ ಅಳತೆ. ನಾಲ್ಕು ತಂತಿ ಸೇರಿ ಕುತ್ತಿಗೆಯನ್ನು ಎಳೆಯೋ ಬಲ ಎಪ್ಪತ್ತು-ಎಂಬತ್ತು ಕೇಜಿ, ಅಂದ್ರೆ ಒಬ್ಬ ದೊಡ್ಡ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಕುತ್ತಿಗೆ ಮರದ್ದು. ಮಲೆನಾಡಿನ ಮಳೆಗೆ ಉಬ್ಬುತ್ತೆ, ಕಲಬುರಗಿ ಬಿಸಿಲಿಗೆ ಒಣಗುತ್ತೆ, ಬಾಗುತ್ತೆ. ಇದು ಮಾಡಿದವರಿಗೂ ಗೊತ್ತು. ಅದಕ್ಕೇ ಕುತ್ತಿಗೆಯೊಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇಟ್ಟು, ಅದರ ತುದಿಗೆ ತಿರುಗಿಸೋಕೆ ಒಂದು ನಟ್ಟು ಕೊಟ್ಟಿರ್ತಾರೆ. ಬ್ರಿಜ್ಜಿನಲ್ಲಿ ಒಂದೊಂದು ತಂತಿಗೂ ಒಂದೊಂದು ಸ್ಯಾಡಲ್, ಅದಕ್ಕೆ ಎತ್ತರ ತಗ್ಗಿಸೋ ಸ್ಕ್ರೂ, ಹಿಂದೆ ಮುಂದೆ ಸರಿಸೋ ಸ್ಕ್ರೂ. ತಿರುಗಿಸಲಿ ಅಂತಲೇ ಇಟ್ಟ ಸ್ಕ್ರೂಗಳು ಸ್ವಾಮಿ! "ಟ್ರಸ್ ರಾಡ್ ಮುಟ್ಟಿದ್ರೆ ಗಿಟಾರ್ ಹಾಳಾಗುತ್ತೆ" ಅಂತ ಹೆದರಿಸೋದು, ಸೈಕಲ್ ಚೈನಿಗೆ ಎಣ್ಣೆ ಬಿಟ್ರೆ ಸೈಕಲ್ ಹಾಳು ಅಂದ ಹಾಗೆ.

ಇಷ್ಟಕ್ಕೂ ಈ "ವಾದ್ಯ ಮುಟ್ಟಬೇಡ" ಅನ್ನೋ ಮಡಿ ನಮ್ಮಲ್ಲಿ ಯಾವಾಗ ಇತ್ತು? ಮೃದಂಗದವರು ಕಚೇರಿಗೆ ಮುಂಚೆ ಎಡಗಡೆಗೆ ತಾವೇ ರವೆ ಕಲಸಿ ಹಚ್ಚಿ, ಮುಗಿದ ಮೇಲೆ ಕೆರೆದು ತೆಗೀತಾರೆ. ನಮ್ಮ ಕಡೆ ಆಟದ ಮದ್ದಳೆಗಾರರು ಚೌಕಿಯಲ್ಲಿ ಕೂತು ಬೋನ ಹಚ್ಚೋದನ್ನ ಚಿಕ್ಕಂದಿನಲ್ಲಿ ಬಾಯಿ ಬಿಟ್ಕೊಂಡು ನೋಡಿದೀನಿ. ತಂಬೂರಿಯ ಕುದುರೆ ಮೇಲಿನ ದಾರ ಒಂದು ಕೂದಲೆಳೆ ಸರಿದ್ರೆ ನಾದವೇ ಬೇರೆ, ಅದನ್ನ ಸರಿಸೋದು ಮೀಟುವವರೇ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರೋದೇ ಮತ್ತೆ ಕೂರಿಸೋಕೆ ಆಗಲಿ ಅಂತ. ಪ್ಲಗ್ ಇರೋ ವಾದ್ಯ ಬಂದ ಕೂಡಲೇ ಮಾತ್ರ ನಮಗೆ ಕೈಕಟ್ಟಿ ನಿಲ್ಲೋ ಬುದ್ಧಿ ಯಾಕೆ ಬಂತೋ ಕಾಣೆ.

ಸರಿ, ಆ ಬಾಸಿಗೆ ಏನು ಮಾಡಿದ್ವಿ ಅಂತ ಹೇಳ್ತೀನಿ. ಮೊದಲು ಹೊಸ ತಂತಿ. ಜೊತೆಗೆ ಬಂದಿದ್ದ ತಂತಿ ತುಕ್ಕು ಹಿಡಿದು ಕಪ್ಪಾಗಿತ್ತು. (ಹಳೇ ತಂತಿಯನ್ನ ನೀರಲ್ಲಿ ಕುದಿಸಿದ್ರೆ ಕೊಳೆ ಬಿಟ್ಟು ನಾಲ್ಕು ದಿನ ಹೊಸದರ ಥರ ನುಡಿಯುತ್ತೆ ಅನ್ನೋದು ನಿಜ. ಆದ್ರೆ ಅಕ್ಕನ ಹಾಲಿನ ಪಾತ್ರೆಯಲ್ಲಿ ಕುದಿಸಬೇಡಿ. ಅನುಭವದ ಮಾತು.) ಆಮೇಲೆ ದಪ್ಪ ತಂತಿಯನ್ನ ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದಿದೆ ನೋಡಿದ್ವಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದ್ರೆ ಸುಮಾರು 0.3 ಮಿ.ಮೀ. ಇದ್ರೆ ಸಾಕು. ನಮ್ಮದ್ರಲ್ಲಿ ಕಾರ್ಡುಗಳ ಕಟ್ಟೇ ತೂರ್ತಿತ್ತು. ತಂತಿ ಸ್ವಲ್ಪ ಸಡಿಲಿಸಿ, ಸರಿಯಾದ ಅಳತೆಯ ಅಲೆನ್ ಕೀ ಹಾಕಿ, ಗಡಿಯಾರದ ಮುಳ್ಳು ತಿರುಗೋ ಕಡೆಗೆ ಕಾಲು ಸುತ್ತು. ಮತ್ತೆ ಶ್ರುತಿ, ಮತ್ತೆ ಅಳತೆ. ಇನ್ನೊಂದು ಕಾಲು ಸುತ್ತು. ರಾತ್ರಿ ಹಾಗೇ ಬಿಟ್ವಿ, ಮರಕ್ಕೂ ಸುಧಾರಿಸಿಕೊಳ್ಳೋಕೆ ಸಮಯ ಬೇಕು. ಬೆಳಿಗ್ಗೆ ಕಾಫಿ ಕುಡಿದು ಮತ್ತೊಂದು ಕಾಲು. ಕುತ್ತಿಗೆ ನೆಟ್ಟಗಾಯ್ತು. ಕೈ ನಡುಗಿತ್ತಾ ಅಂದ್ರೆ, ಹೌದು ನಡುಗಿತ್ತು. ಬಿಗಿ ಬಂದು ತಿರುಗಲ್ಲ ಅನ್ನಿಸಿದ್ರೆ ಅಲ್ಲಿಗೇ ನಿಲ್ಲಿಸಬೇಕು. ಇಡೀ ಕೆಲಸದಲ್ಲಿ ನಿಜವಾಗಿ ಹೆದರಬೇಕಾದ ಜಾಗ ಅದೊಂದೇ.

ಸ್ಯಾಡಲ್ ಪೂರ್ತಿ ತಗ್ಗಿಸಿದ್ರೂ ತಂತಿ ಇನ್ನೂ ಮೂರೂವರೆ ಮಿ.ಮೀ. ಮೇಲೆ ಇತ್ತು. ಕುತ್ತಿಗೆ ಬಿಚ್ಚಿ, ಅದು ಕೂರೋ ಗುಂಡಿಯಲ್ಲಿ ಬ್ರಿಜ್ಜಿನ ಕಡೆಯ ಅಂಚಿಗೆ ವಿಸಿಟಿಂಗ್ ಕಾರ್ಡಿನ ಎರಡು ತುಂಡು ಇಟ್ಟು ಮತ್ತೆ ಬಿಗಿದ್ವಿ. ತಲೆ ಒಂಚೂರು ಹಿಂದಕ್ಕೆ ವಾಲಿತು, ತಂತಿ ಇಳೀತು. ಇದನ್ನ ಕೇಳಿ ನಗೋರಿಗೆ ಒಂದು ಮಾತು. ಫೆಂಡರ್ ಕಾರ್ಖಾನೆಯಲ್ಲೇ ಹೀಗೆ ತೆಳ್ಳಗಿನ ತುಂಡು ಇಟ್ಟು ಕಳಿಸಿದ ಗಿಟಾರುಗಳಿವೆ. ಕುತ್ತಿಗೆಯ ಒಂದು ಸ್ಕ್ರೂ ತೂತು ಸವೆದು ಹಿಡಿತ ಬಿಟ್ಟಿತ್ತು. ಎರಡು ಬೆಂಕಿಕಡ್ಡಿ, ಫೆವಿಕಾಲ್, ಒಂದು ರಾತ್ರಿ. ಸರಿಹೋಯ್ತು.

ಇನ್ನು ನಟ್. ತಂತಿಗಳು ತಲೆಯ ಕಡೆ ಹಾದುಹೋಗೋ ಬಿಳೀ ಪ್ಲಾಸ್ಟಿಕ್ ಪಟ್ಟಿ. ಅಗ್ಗದ ಬಾಸುಗಳಲ್ಲಿ ನಾನು ನೋಡಿದಷ್ಟೂ ಸಲ ಇದರ ಗೀರುಗಳು ಮೇಲೇ ಇರ್ತವೆ, ಮೊದಲ ಫ್ರೆಟ್ ಒತ್ತೋದೇ ಯಮಯಾತನೆ. ಮೂರನೇ ಫ್ರೆಟ್ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲೆ ಇಣುಕಿದ್ರೆ ಕೂದಲೆಳೆ ಸಂದಿ ಕಂಡ್ರೆ ಸಾಕು. ನಟ್ಟಿಗೆ ಅಂತಲೇ ಬರೋ ಅರಗಳು ದುಬಾರಿ. ನಾವು ತೆಗೆದ ಹಳೇ ತಂತಿಯನ್ನೇ ಅರದ ಹಾಗೆ ಉಜ್ಜಿದ್ವಿ. ಅದರ ಸುತ್ತಿಗೆಯೇ ಗರಗಸ, ಅಗಲವೂ ತಂತಾನೇ ಸರಿಯಾಗಿರುತ್ತೆ. ಒಂದು ಗೀರು ನನ್ನ ಅವಸರಕ್ಕೆ ಆಳ ಆಗಿ ಖಾಲಿ ತಂತಿ ಝರ್ರ್ ಅಂತು. ಅಡುಗೆ ಸೋಡಾ ಒಂದು ಚಿಟಿಕೆ ತುಂಬಿ ಮೇಲೆ ಫೆವಿಕ್ವಿಕ್ ಒಂದು ಹನಿ, ಕ್ಷಣದಲ್ಲಿ ಕಲ್ಲಾಯ್ತು, ಮತ್ತೆ ಉಜ್ಜಿದ್ವಿ. ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಹೊರಗೆ ಚಾಚಿ ಅಂಗೈ ಕುಯ್ತಾ ಇದ್ದವು. ಮರ ಒಣಗಿ ಕುಗ್ಗುತ್ತೆ, ಲೋಹ ಕುಗ್ಗಲ್ಲ, ಅಷ್ಟೆ. ಅದನ್ನ ಹುಡುಗನೇ ಸಣ್ಣ ಅರದಲ್ಲಿ ತೀಡಿದ.

ಕೊನೆಗೆ ಹನ್ನೆರಡನೇ ಫ್ರೆಟ್. ತಂತಿಯನ್ನ ಅಲ್ಲಿ ಬರೀ ಸೋಕಿಸಿ ನುಡಿಸಿದ ಸ್ವರವೂ ಒತ್ತಿ ನುಡಿಸಿದ ಸ್ವರವೂ ಒಂದೇ ಇರಬೇಕು. ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಫೋನಿನಲ್ಲಿ ಟ್ಯೂನರ್ ಇದೆ, ಹತ್ತು ನಿಮಿಷದ ಕೆಲಸ.

ಇಲ್ಲಿಗೆ ಒಂದು ಬಣದ ಜೊತೆ ಜಗಳ ಮುಗೀತು. ಇನ್ನೊಂದು ಬಣ ಇದೆ, ಅವರು ನನ್ನ ಪಕ್ಷದವರು ಅಂತ ಅಂದ್ಕೊಂಡೇ ಹತ್ತಿರ ಬರ್ತಾರೆ! "ಅಗ್ಗದ ಬಾಸ್ ತಗೋ ಗುರು, ಅಮೆರಿಕದ ಪಿಕಪ್ ಹಾಕು, ಜರ್ಮನಿ ಕೀಲಿ ಹಾಕು, ಹಿತ್ತಾಳೆ ಬ್ರಿಜ್ ಹಾಕು" ಅನ್ನೋರು. ಎಂಟು ಸಾವಿರದ ಬಾಸಿಗೆ ಇಪ್ಪತ್ತು ಸಾವಿರದ ಒಡವೆ. ತಂತಿ ಐದೂವರೆ ಮಿ.ಮೀ. ಮೇಲಿದ್ರೆ ಯಾವ ದೇಶದ ಪಿಕಪ್ ಬಂದು ಬೊಬ್ಬೆ ತಪ್ಪಿಸುತ್ತೆ? ಮಾರೋಕೆ ಹೋದ್ರೆ ಆ ಇಪ್ಪತ್ತು ಸಾವಿರದಲ್ಲಿ ಹೆಚ್ಚಿನದ್ದು ವಾಪಸ್ ಬರಲ್ಲ. ಟೋನ್ ಕಂಟ್ರೋಲಿನ ಕೆಪಾಸಿಟರಿಗೆ ಎಣ್ಣೆ-ಕಾಗದದ್ದೇ ಬೇಕು ಅಂತ ಸಾವಿರಗಟ್ಟಲೆ ಸುರಿಯೋರೂ ಇದಾರೆ. 0.047 ಮೈಕ್ರೋಫ್ಯಾರಡ್ ಅಂದ್ರೆ 0.047 ಮೈಕ್ರೋಫ್ಯಾರಡ್ಡೇ. ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ಮರದ ಜಾತಿ ಹಿಡಿದು ನಾದ ಅಳೆಯೋರದ್ದು ಇನ್ನೊಂದು ಪುರಾಣ. ಪಿಕಪ್ ಅಂದ್ರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಎಳೆ, ಅದು ಹಿಡಿಯೋದು ಉಕ್ಕಿನ ತಂತಿಯ ಅದುರುವಿಕೆಯನ್ನ. ಮರದಿಂದ ಏನೂ ವ್ಯತ್ಯಾಸವಿಲ್ಲ ಅಂತ ನಾನು ಆಣೆ ಇಡಲ್ಲ. ಆದ್ರೆ ಬಲಗೈಯನ್ನ ಬ್ರಿಜ್ಜಿನಿಂದ ನಾಲ್ಕು ಬೆರಳು ಈಚೆ ತಂದ್ರೆ ಆಗೋ ವ್ಯತ್ಯಾಸದ ಮುಂದೆ ಅದು ಲೆಕ್ಕಕ್ಕಿಲ್ಲ. ಆ ಅಪ್‌ಗ್ರೇಡು ಪುಕ್ಕಟೆ.

"ಜೇಮ್ಸ್ ಜೇಮರ್ಸನ್ ಬಾಸಿನ ತಂತಿ ಎಷ್ಟು ಎತ್ತರ ಇತ್ತು ಗೊತ್ತಾ?" ಅಂತ ಒಬ್ಬರು ನನ್ನ ಬಾಯಿ ಮುಚ್ಚಿಸೋಕೆ ನೋಡಿದ್ರು. ಗೊತ್ತು ಸಾರ್. ಎತ್ತರವೇ ಇತ್ತಂತೆ, ತಂತಿಯನ್ನ ಬದಲಾಯಿಸ್ತಾನೂ ಇರಲಿಲ್ಲವಂತೆ. ಆದ್ರೆ ಆತ ನಿಂತು ನುಡಿಸೋ ದೊಡ್ಡ ಡಬಲ್ ಬಾಸಿನಲ್ಲಿ ಬೆರಳು ಕಲ್ಲು ಮಾಡಿಕೊಂಡು ಆಮೇಲೆ ಈ ಬಾಸಿಗೆ ಬಂದವರು. ನಾಲ್ಕು ತಿಂಗಳ ಹುಡುಗನಿಗೆ ಆ ಅಳತೆ ಯಾಕೆ? ಬೇಕಿದ್ರೆ ಬಿಲ್ ವೈಮನ್ ಕಥೆ ಕೇಳಿ. 1961ರಲ್ಲಿ ಎಂಟು ಪೌಂಡಿಗೆ ಒಂದು ಸೆಕೆಂಡ್ ಹ್ಯಾಂಡ್ ಬಾಸ್ ಕೊಂಡ್ರು. ನೋಡೋಕೂ ಅಸಹ್ಯ, ನುಡಿಸೋಕೂ ಅಸಹ್ಯ. ಮನೆಯಲ್ಲೇ ಅದರ ಮೈಯನ್ನ ಕೊಯ್ದು ಚಿಕ್ಕದು ಮಾಡಿದ್ರು. ಹೊಸದು ಹಾಕೋಣ ಅಂತ ಹಳೇ ಫ್ರೆಟ್ಟುಗಳನ್ನ ಕಿತ್ರು. ಕಿತ್ತ ಮೇಲೆ ನುಡಿಸಿದ್ರೆ ನಾದ ಇಷ್ಟ ಆಯ್ತು, ಹಾಗೇ ಬಿಟ್ರು. ರೋಲಿಂಗ್ ಸ್ಟೋನ್ಸ್‌ನ ಶುರುವಿನ ದಿನಗಳ ಧ್ವನಿಮುದ್ರಿಕೆಗಳಲ್ಲಿ ಆ ಬಾಸಿದೆ. ಜಾಕೋ ಪಾಸ್ಟೋರಿಯಸ್ ಅವರ ಫ್ರೆಟ್ ಇಲ್ಲದ ಹೆಸರಾಂತ 1962ರ ಬಾಸಿನ ಮೇಲೆ ಮೆತ್ತಿದ್ದದ್ದು ದೋಣಿಗೆ ಬಳಿಯೋ ಎಪಾಕ್ಸಿ. ಇವರ್‍ಯಾರೂ "ಮುಟ್ಟಬೇಡ" ಅನ್ನೋರ ಮಾತು ಕೇಳಿದ ಹಾಗೆ ಕಾಣಲ್ಲ :)

ಗುಂಯ್ ಅನ್ನೋ ಸದ್ದಿನ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ತಂತಿ ಮುಟ್ಟಿದಾಗ ಸದ್ದು ಕಮ್ಮಿ ಆದ್ರೆ ಬ್ರಿಜ್ಜಿಗೆ ಹೋಗೋ ಅರ್ಥ್ ವಯರ್ ಸರಿ ಇದೆ ಅಂತ ಲೆಕ್ಕ. ನಮ್ಮದ್ರಲ್ಲಿ ಆ ಬೆಸುಗೆಯೇ ಬಿಟ್ಟಿತ್ತು. ಬೆಸೆದು, ಒಳಗಿನ ಗುಂಡಿಗೆ ತಾಮ್ರದ ಟೇಪ್ ಅಂಟಿಸಿ, ಅದನ್ನೂ ಅರ್ಥಿಗೆ ಸೇರಿಸಿ, ಟೇಪಿನ ತುಂಡುಗಳನ್ನ ಒಂದಕ್ಕೊಂದು ಬೆಸೆದ ಮೇಲೆ ಬಹಳ ಕಮ್ಮಿ ಆಯ್ತು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೂ ನಡೆಯುತ್ತೆ, ಆದ್ರೆ ಅದಕ್ಕೆ ಮಾಮೂಲಿ ಬೆಸುಗೆ ಕೂರಲ್ಲ, ಸ್ಕ್ರೂ ಹಾಕಿ ಒತ್ತಬೇಕು. ಆದ್ರೆ ಇದೆಲ್ಲಕ್ಕಿಂತ ಮುಂಚೆ ಮನೆಯ ಪ್ಲಗ್ಗಿನ ಮೂರನೇ ತೂತಿನಲ್ಲಿ ಅರ್ಥ್ ನಿಜವಾಗಿ ಇದೆಯಾ ನೋಡಿಸಿ. ಬಾಸಿನ ತಂತಿ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತೆ. ಅರ್ಥ್ ಇಲ್ಲದ ಆಂಪ್ಲಿಫೈಯರ್ ಕೆಟ್ರೆ ಕರೆಂಟು ನೇರ ಕೈಗೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಎರಡು ಪಿನ್ನಿಗೆ ವಯರ್ ಸಿಕ್ಕಿಸಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸೋರನ್ನ ಕಂಡ್ರೆ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತೆ. ಇಪ್ಪತ್ತು ಸಾವಿರದ ಪಿಕಪ್ ಹಾಕಿಸೋರು ಮೊದಲು ಒಬ್ಬ ಎಲೆಕ್ಟ್ರಿಷಿಯನ್ನನ್ನ ಕರೆಸಿ.

ಎಲ್ಲ ಬಾಸೂ ರಿಪೇರಿ ಆಗುತ್ತೆ ಅಂತಲ್ಲ. ಕುತ್ತಿಗೆ ಬಟ್ಟೆ ಹಿಂಡಿದ ಹಾಗೆ ತಿರುಚಿದ್ರೆ, ಟ್ರಸ್ ರಾಡ್ ಒಳಗೇ ಮುರಿದಿದ್ರೆ, ನಾನೂ ಬಿಟ್ಟುಬಿಡಿ ಅಂತೀನಿ. ಒಳ್ಳೆ ಬಾಸ್ ಕೊಳ್ಳೋಕೆ ದುಡ್ಡಿದ್ರೆ ಖಂಡಿತ ಕೊಳ್ಳಿ, ಹೊಟ್ಟೆಕಿಚ್ಚಿಲ್ಲ. ಆದ್ರೆ ಬಿಸಾಕೋಕೆ ಮುಂಚೆ ಅಳೆದು ನೋಡಿ. ಅಳೆಯೋಕೆ ಬೇಕಾದ್ದು ಮಕ್ಕಳ ಸ್ಕೇಲು, ಒಂದು ವಿಸಿಟಿಂಗ್ ಕಾರ್ಡು. ನಮಗೆ ಬಿದ್ದ ಖರ್ಚು ಮುಖ್ಯವಾಗಿ ತಂತಿಯದ್ದೇ, ಎರಡು ಸಾವಿರದ ಹತ್ತಿರ. ಮಿಕ್ಕಿದ್ದು ತಾಮ್ರದ ಟೇಪು, ಅಲೆನ್ ಕೀ, ಎರಡು ದಿನ.

ಹುಡುಗ ಈಗ ಮತ್ತೆ ನುಡಿಸ್ತಿದಾನೆ. ಅಕ್ಕ ಫೋನಿನಲ್ಲಿ "ಹಗಲು ರಾತ್ರಿ ಢುಂ ಢುಂ, ನೀನೇ ಬಂದು ನಿಲ್ಲಿಸು" ಅಂತ ಬೈದ್ಲು. ಮೊನ್ನೆ ಅವನೇ ಫೋನ್ ಮಾಡಿದ್ದ. ಆ ಕ್ಲಾಸಿನ ಇನ್ನೊಬ್ಬ ಹುಡುಗಿಯ ಕೈಯೂ ಚಿಕ್ಕದಂತೆ. ಅವಳ ಬಾಸ್ ಮನೆಗೆ ತಂದು ಅಳೆದನಂತೆ, ನಾಲ್ಕೂ ಮುಕ್ಕಾಲು ಬಂತಂತೆ. "ಮಾಮ, ಕಾಲು ಸುತ್ತು ಮಾತ್ರ ತಾನೆ?" ಅಂದ. ಕಾಲು ಸುತ್ತು ಮಾತ್ರ ಅಂದೆ.