ಊರಿಗೆ ತಾಲೂಕಿನ ಬೋರ್ಡು, ಮನಿಗೆ ಕೀಲಿ

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಟಿಕೋಟಾದಿಂದ ಇನ್ನೂ ಒಂದಿಷ್ಟು ಒಳಗೆ. (ಹೆಸರು ಹೇಳಲ್ಲ, ಅಪ್ಪ ಇದನ್ನ ಓದ್ತಾರೆ :) ) ಸಂಜೆ ಐದೂವರೆಗೆ ಬಸ್ ನಿಲ್ಲುವ ಕಟ್ಟೆಯ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ವಿಜಾಪುರದ ಬಸ್ಸು ಬಂತು. ಮಾಸ್ತರರು ಹತ್ತಿದರು, ಅಕ್ಕೋರು ಹತ್ತಿದರು, ಪಂಚಾಯ್ತಿಯವರು, ಬ್ಯಾಂಕಿನವರು, ನರ್ಸು, ಎಲ್ಲರೂ ಹತ್ತಿದರು. ಬಸ್ಸು ಹೋಯಿತು, ಧೂಳು ಇಳಿಯಿತು. ಕಟ್ಟೆಯ ಮೇಲೆ ಉಳಿದವರು ಮೂವರು ಮುದುಕರು ಮತ್ತು ನಾನು. ನಾನಾದರೂ ಏನು, ಮರುದಿನ ರಾತ್ರಿ ಬೆಂಗಳೂರು ಬಸ್ಸು ಹತ್ತುವವನೇ!

2017ರ ಬಜೆಟ್‌ನಲ್ಲಿ ಸರ್ಕಾರ 49 ಹೊಸ ತಾಲೂಕು ಘೋಷಿಸಿತು. ಅದರಲ್ಲಿ ಟಿಕೋಟಾ, ಬಬಲೇಶ್ವರ ಎರಡೂ ಇದ್ದವು. ಪಟಾಕಿ ಹೊಡೆದೆವು, ಪೇಢೆ ಹಂಚಿದೆವು. ಮರುವರ್ಷ ಬೋರ್ಡು ಬಂತು, ತಹಶೀಲ್ದಾರರು ಬಂದರು. ಬಂದವರು ರಾತ್ರಿ ಎಲ್ಲಿ ಮಲಗಬೇಕು ಅನ್ನೋದನ್ನ ಮಾತ್ರ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಟಿಕೋಟಾ ಅಥಣಿ ರಸ್ತೆಯ ಮೇಲೆ, ಬಬಲೇಶ್ವರ ಜಮಖಂಡಿ ರಸ್ತೆಯ ಮೇಲೆ. ಎರಡೂ ವಿಜಯಪುರದಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು. (2014ರ ನವೆಂಬರ್ 1ರಿಂದ ಕಾಗದದ ಮೇಲೆ ವಿಜಯಪುರ, ನಮ್ಮ ಬಾಯಲ್ಲಿ ಇನ್ನೂ ವಿಜಾಪುರವೇ, ಸಹಿಸಿಕೊಳ್ಳಿ.) ಮುಂಜಾನೆ ಬರೋದು, ಸಂಜೆ ಹೋಗೋದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅಕ್ಕೋರಿಗೆ ಟಿಕೆಟ್ಟೂ ಇಲ್ಲ. ನೌಕರರು ಕೇಂದ್ರಸ್ಥಾನದಲ್ಲೇ ವಾಸ ಮಾಡಬೇಕು ಅಂತ ಮಂತ್ರಿಗಳು ಸಭೆಯಲ್ಲಿ ಗದರಿಸುತ್ತಾರೆ, ಮರುದಿನ ಪೇಪರಿನಲ್ಲಿ ಬರುತ್ತದೆ, ಐದೂವರೆ ಬಸ್ಸು ಮಾತ್ರ ಮೊದಲಿನಷ್ಟೇ ತುಂಬಿರುತ್ತದೆ.

ಊರಲ್ಲಿ ಇದನ್ನ ನೌಕರರ ಸೋಮಾರಿತನ ಅಂತ ಬೈಯೋದು ರೂಢಿ. ನಾನೂ ಬೈಯುತ್ತಿದ್ದೆ, ಹೋದ ವರ್ಷದವರೆಗೆ.

ಹೋದ ವರ್ಷ ಏನಾಯ್ತು ಅಂದ್ರೆ, ಹೊಸದಾಗಿ ಬಂದ ನರ್ಸೊಬ್ಬರು ನಮ್ಮ ಮನೆ ಬಾಡಿಗೆಗೆ ಕೇಳಿದರು. ನಮ್ಮದು ಹಳೆಯ ಮೇಲ್ಮುದ್ದಿ ಮನೆ. ಪಡಸಾಲಿ, ಅಡಗಿ ಮನಿ, ಹಿಂದೆ ದನ ಕಟ್ಟುವ ಜಾಗ. ಮುತ್ಯಾ ತೀರಿಕೊಂಡ ಮೇಲೆ ಅಪ್ಪ ಅವ್ವ ವಿಜಾಪುರಕ್ಕೆ ಬಂದರು, ಕಾಕಾಗಳು ಪುಣೆ, ಗೋವಾ ಕಡೆ. ವರ್ಷಕ್ಕೆ ಒಂದು ಸಲ, ಜಾತ್ರೆಗೆ, ನಾಲ್ಕು ದಿನ ಕೀಲಿ ತೆಗೀತೀವಿ. ಉಳಿದ 361 ದಿನ ಅಲ್ಲಿ ಇಲಿಗಳದ್ದೇ ಸಂಸಾರ. ಆ ಸಿಸ್ಟರ್ ಹೇಳಿದ್ದು ಇಷ್ಟೇ: "ನೀರು, ಸಂಡಾಸು ಇದ್ರ ಸಾಕ್ರಿ, ಉಳಿದದ್ದು ನಾ ಮಾಡ್ಕೋತೀನಿ. ಸಣ್ಣ ಕೂಸು ಐತಿ, ದಿನಾ ಎರಡು ಸಲ ಬಸ್ಸಿನ್ಯಾಗ ಆಗೂದಿಲ್ಲ."

ಅಪ್ಪ ಏನಂದರು ಗೊತ್ತಾ? "ಬಾಡಿಗಿ ಕೊಟ್ರ ಮನಿ ಅವರ್ದಾ ಆಗ್ತೈತಿ. ಕುಳ ಕಾಯ್ದೆದಾಗ ಏನಾತು ಗೊತ್ತೈತಿಲ್ಲೋ ನಿನಗ?"

ಗೆಳೆಯರೇ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಐವತ್ತು ವರ್ಷ ದಾಟಿತು. ಉಳುವವನಿಗೆ ಹೊಲ ಸಿಕ್ಕಿತು, ಈ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಅಂತ ನಾನು ನಂಬಿದ್ದೇನೆ (ನಮ್ಮ ಮನೆಯಲ್ಲಿ ಇದನ್ನ ಜೋರಾಗಿ ಹೇಳುವ ಹಾಗಿಲ್ಲ). ಆದರೆ ಹೊಲದ ಆ ಭಯ ಊರೊಳಗಿನ ಮನೆಗೂ ಅಂಟಿಕೊಂಡು ಕೂತಿದೆ. 11 ತಿಂಗಳ ಕರಾರು ಮಾಡಿ ಮನೆ ಬಾಡಿಗೆ ಕೊಡುವುದಕ್ಕೂ, ಕುಳದ ಹೊಲಕ್ಕೆ 7ನೇ ನಮೂನೆ ಅರ್ಜಿ ಹಾಕುವುದಕ್ಕೂ ಸಂಬಂಧವೇ ಇಲ್ಲ. ವಿಜಾಪುರದ ಮನೆಯ ಮೇಲಿನ ಅಂತಸ್ತು ಇದೇ ಅಪ್ಪ ಬಾಡಿಗೆಗೆ ಕೊಟ್ಟಿದ್ದಾರೆ, ಅಲ್ಲಿ ಕುಳ ಕಾಯ್ದೆ ನೆನಪಾಗಲ್ಲ!

ನಾನು ಇಷ್ಟು ವಾದ ಮಾಡಿದ ಮೇಲೆ ಅಸಲಿ ಮಾತು ಬಂತು. "ಯಾವ ಮಂದಿ ಅವ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ನಾನು ಕೇಳಿರಲಿಲ್ಲ. ಊರಿನ ಇನ್ನೊಬ್ಬರು ಕೇಳಿ ತಿಳಿದುಕೊಂಡು ಅಪ್ಪನಿಗೆ ಮುಟ್ಟಿಸಿದರು. ಮನೆ ಕೊಡಲಿಲ್ಲ. ಬೆಂಗಳೂರಿನಲ್ಲಿ ನಾನು ಮನೆ ಹುಡುಕುವಾಗ ಓನರ್ ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, "ನೀವು ಏನ್ ಜನ? ನಾರ್ತ್ ಕರ್ನಾಟಕದವರಾ? ಊರಿಂದ ತುಂಬಾ ಜನ ಬರ್ತಾರಲ್ವಾ?" ಅಂತ ಕೇಳಿದ್ದರು. ಅದನ್ನ ಫೋನಿನಲ್ಲಿ ಹೇಳಿದಾಗ ಅಪ್ಪ ಕೆಂಡವಾಗಿದ್ದರು. "ಹಿಂಗ ಕೇಳ್ತಾರಂದ್ರ ಏನು ಮನುಷ್ಯಾರು ಅವ್ರು!" ಅಂದಿದ್ದರು.

ಎರಡು ತಿಂಗಳಾದ ಮೇಲೆ ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ರಾತ್ರಿ ಚೇಳು ಕಡಿಯಿತು. ಗಾಡಿ ಹುಡುಕಿ, ಟಂಟಂದಲ್ಲಿ ಕೂರಿಸಿ ವಿಜಾಪುರ ಮುಟ್ಟಿಸುವ ಹೊತ್ತಿಗೆ ನಡುರಾತ್ರಿ ದಾಟಿತ್ತು. ಅಜ್ಜಿ ಉಳಿದರು. ಅವರ ಮನೆಯಿಂದ ನಮ್ಮ ಮನೆ ನಾಲ್ಕನೆಯದು. ಅಲ್ಲಿ ಆ ಸಿಸ್ಟರ್ ಇರಬಹುದಿತ್ತು. ಇದ್ದದ್ದು ಕೀಲಿ.

"ಸರ್ಕಾರ ಕ್ವಾರ್ಟರ್ಸ್ ಕಟ್ಟಲಿ" ಅನ್ನೋ ಮಾತು ಬರುತ್ತೆ ಅಂತ ಗೊತ್ತು. ಕಟ್ಟಲಿ, ಬೇಡ ಅಂದವರ್ಯಾರು. ಕಟ್ಟುವವರೆಗೆ ಏನು? ಆಮೇಲೆ, ಊರಲ್ಲಿ ಉಳಿಯಬೇಕಾದವರು ನೌಕರರು ಮಾತ್ರವೇ? ದ್ರಾಕ್ಷಿ ತೋಟದ ಕಡೆ ಒಂದು ಸುತ್ತು ಹಾಕಿ. ಒಂದು ಕಾಲಕ್ಕೆ ಬಳ್ಳಿ ಒಣಗಬಾರದು ಅಂತ ಟ್ಯಾಂಕರಿನಿಂದ ನೀರು ಹೊಯ್ದ ಸೀಮೆ ಇದು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೆ ಹತ್ತಿ ಬಂದಿದೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಔಷಧ ಹೊಡೆಯೋದು, ಗೊನೆ ತಿದ್ದೋದು, ಬೇಸಿಗೆ ಬರುವಾಗ ಕೊಯ್ದು ಒಣದ್ರಾಕ್ಷಿ ಮಾಡೋದು, ಹೀಗೆ ವರ್ಷಪೂರ್ತಿ ಕೈಗಳು ಬೇಕು. ಅದಕ್ಕೆ ಗಂಡ ಹೆಂಡತಿ ಜೋಡಿಯನ್ನ ಕರೆತಂದು ತೋಟದ ಮೂಲೆಯಲ್ಲಿ ಪತ್ರಾಸ್ ಶೆಡ್ಡಿನಲ್ಲಿ ಇಡುತ್ತೇವೆ. ಏಪ್ರಿಲ್ಲಿನ ವಿಜಾಪುರದ ಬಿಸಿಲಲ್ಲಿ ಪತ್ರಾಸಿನ ಕೆಳಗೆ! ಒಣದ್ರಾಕ್ಷಿಗೆ ನೇರ ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ ಅಂತ ಅದಕ್ಕೆ ಮಾತ್ರ ನೆರಳಿನ ಶೆಡ್ಡು ಕಟ್ಟಿಸಿದ್ದೇವೆ. ಆ ಜೋಡಿಯ ಮಕ್ಕಳು ಶಾಲೆಗೆ ಬರುವುದು ಅಪರೂಪ, ತೋಟ ಬದಲಾದರೆ ಅವರೂ ಹೋದರು. ಆಮೇಲೆ "ಶಾಲಿಗೆ ಹುಡುಗೂರ ಇಲ್ಲ, ಮುಚ್ಚತಾರಂತ" ಅಂತ ಕಟ್ಟೆಯ ಮೇಲೆ ಕೂತು ಅಳುತ್ತೇವೆ.

ವಸತಿ ಯೋಜನೆಗಳಿಗೆ ಬರವಿಲ್ಲ. ಆಶ್ರಯ ಬಂತು, ಬಸವ ವಸತಿ ಬಂತು, 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂತು. ಎಲ್ಲವೂ ಸ್ವಂತ ಮನೆ ಕಟ್ಟುವವರಿಗೆ. ಮೂರು ವರ್ಷಕ್ಕೆ ಬಂದು ಹೋಗುವ ಮಾಸ್ತರರಿಗೆ, ತೋಟದ ಜೋಡಿಗೆ ಬೇಕಾದದ್ದು ಕಡಿಮೆ ಬಾಡಿಗೆಯ ಒಂದು ಮನೆ. 2020ರಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆ ಬಾಡಿಗೆ ಮನೆಗಳ ಯೋಜನೆ ಅಂತ ಒಂದು ತಂದಿತು, ಅದೂ ನಗರಗಳಿಗೆ. ಇತ್ತ ತಾಲೂಕು ಆದ ಖುಷಿಗೆ ಜೋಳದ ಹೊಲಗಳೆಲ್ಲ ಎನ್ಎ ಪ್ಲಾಟು. ಬಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ, ಕಲ್ಲಿನ ನಡುವೆ ಜಾಲಿ ಬೆಳೆದಿದೆ. ನನ್ನ ಟೀಮಿನಲ್ಲೇ ಇಬ್ಬರು ಅಲ್ಲಿ "ಇನ್ವೆಸ್ಟ್" ಮಾಡಿದ್ದಾರೆ. ಅಲ್ಲಿ ಇರುತ್ತೀರಾ ಅಂತ ಕೇಳಿದರೆ ನಗುತ್ತಾರೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಗ್ ಅಂತ ಒಂದು ಪುಟ್ಟ ದ್ವೀಪ ಇದೆ. ಇಡೀ ದ್ವೀಪ ಒಬ್ಬನೇ ಜಮೀನ್ದಾರನ ಸ್ವತ್ತು, ಆತ ಇರುವುದು ಬೇರೆಲ್ಲೋ. ಬಾಡಿಗೆಗೆ ಇದ್ದವರಿಗೆ ನಾಳೆಯ ಭರವಸೆ ಇಲ್ಲ, ಜನ ಅರವತ್ತರ ಆಸುಪಾಸಿಗೆ ಇಳಿದಿದ್ದರು. 1997ರಲ್ಲಿ ಅವರು ದೇಣಿಗೆ ಎತ್ತಿ, ಹದಿನೈದು ಲಕ್ಷ ಪೌಂಡು ಕೂಡಿಸಿ ದ್ವೀಪವನ್ನೇ ಕೊಂಡರು. ತಮ್ಮದೇ ಟ್ರಸ್ಟು, ಬಾಡಿಗೆಯವರಿಗೆ ಭದ್ರತೆ, ಮನೆಗಳ ದುರಸ್ತಿ. 2008ರಲ್ಲಿ ಗಾಳಿ, ಬಿಸಿಲು, ನೀರಿನಿಂದ ತಮ್ಮದೇ ಕರೆಂಟು. ಈಗ ಜನಸಂಖ್ಯೆ ನೂರು ದಾಟಿದೆ. ಅವರಿಗೆ ಸುತ್ತ ಸಮುದ್ರ, ಕೊನೆಯ ದೋಣಿ ತಪ್ಪಿದರೆ ಗತಿಯಿಲ್ಲ. ನಮಗೆ ಸುತ್ತ ಎರೆ ಹೊಲ, ಕೊನೆಯ ಬಸ್ಸು. ಆದರೆ ನಾವು ಯಾವ ಜಮೀನ್ದಾರನಿಂದಲೂ ಏನೂ ಕೊಳ್ಳಬೇಕಾಗಿಲ್ಲ. ಊರು ಬಿಟ್ಟು ಬೇರೆಲ್ಲೋ ಕೂತ ಮಾಲೀಕರು ನಾವೇ!

ಪಂಚಾಯ್ತಿಯವರು ಒಂದು ರಿಜಿಸ್ಟರ್ ಇಡಲಿ: ಊರಲ್ಲಿ ಕೀಲಿ ಹಾಕಿದ ಮನೆ ಎಷ್ಟು, ಯಾರ್ಯಾರು ಬಾಡಿಗೆಗೆ ಕೊಡಲು ತಯಾರಿದ್ದಾರೆ. ಕರಾರಿಗೆ ಪಂಚಾಯ್ತಿಯೇ ಸಾಕ್ಷಿ ನಿಲ್ಲಲಿ, ಆಗ ನಮ್ಮ ಅಪ್ಪನಂಥವರ ಅರ್ಧ ಭಯ ಹೋಗುತ್ತದೆ. ಐದು ವರ್ಷ ಕಡಿಮೆ ಬಾಡಿಗೆಗೆ ಕೊಡುತ್ತೇನೆ ಅಂತ ಬರೆದುಕೊಟ್ಟವರಿಗೆ ಸರ್ಕಾರ ದುರಸ್ತಿ ಖರ್ಚಿನಲ್ಲಿ ಪಾಲು ಕೊಡಲಿ, ಹೊಸ ಮನೆ ಕಟ್ಟುವುದಕ್ಕಿಂತ ಸೋವಿ. ಅದರ ಜೊತೆಗೆ ಒಂದು ಷರತ್ತು: ಜಾತಿ ಕೇಳಿದವನಿಗೆ ಒಂದು ಪೈಸೆಯೂ ಇಲ್ಲ.

ಇಷ್ಟು ಬರೆದು ನಾನು ಸುಮ್ಮನೆ ಕೂತರೆ ಕಟ್ಟೆಯ ಮೇಲಿನ ಮಾತಿಗೂ ಇದಕ್ಕೂ ಫರಕಿಲ್ಲ. ಮನೆ ತೆಗೆಸಲು ಹೊರಟಾಗ ಇನ್ನೊಂದು ಗೊತ್ತಾಯ್ತು: ಉತಾರದಲ್ಲಿ ಇನ್ನೂ ಮುತ್ಯಾನ ಹೆಸರೇ ಇದೆ, ಅಣ್ಣತಮ್ಮಂದಿರ ಹಿಸ್ಸೆ ಆಗಿಲ್ಲ. ನಾಲ್ವರೂ ಒಪ್ಪಬೇಕು. ಪುಣೆಯ ಕಾಕಾ ಒಪ್ಪಿದ್ದಾರೆ. ಗೋವಾದ ಕಾಕಾ "ಜಾತ್ರಿಗೆ ಬಂದ್ರ ನಾವೆಲ್ಲಿ ಇರೂದು?" ಅಂದರು. ಪಡಸಾಲಿ ಪಕ್ಕದ ಖೋಲಿ ನಮಗೇ ಇಟ್ಟುಕೊಳ್ಳೋಣ ಅಂದೆ, ವಿಚಾರ ಮಾಡ್ತಾರಂತೆ. ಸಣ್ಣ ಕಾಕಾ ಫೋನೇ ಎತ್ತುತ್ತಿಲ್ಲ. ಮ್ಯಾಲಿನ ಮಣ್ಣು ತೆಗೆದು ಹೊಸ ಮಾಳಿಗೆ, ಸಂಡಾಸು, ನೀರಿನ ಟಾಕಿ ಎಲ್ಲ ಸೇರಿ ಗೌಂಡಿ ಎರಡು ಲಕ್ಷದ ಲೆಕ್ಕ ಕೊಟ್ಟಿದ್ದಾನೆ, ಬೆಂಗಳೂರಲ್ಲಿ ನಾನು ಕೊಟ್ಟ ಅಡ್ವಾನ್ಸಿನಷ್ಟು.

ಅಪ್ಪ ಇನ್ನೂ ಹೂಂ ಅಂದಿಲ್ಲ. "ಮಳಿಗಾಲ ಮುಗೀಲಿ, ನೋಡೂಣು" ಅಂದಿದ್ದಾರೆ. ಆ ಸಿಸ್ಟರ್ ವರ್ಗಾವಣೆಗೆ ಅರ್ಜಿ ಹಾಕಿದ್ದಾರಂತೆ.