ಎಂಟು ಮಂದಿಯ ಲೆಕ್ಕ

ಶಿವಮೊಗ್ಗದ ಕಡೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಎಂ.ಎಸ್ಸಿ. ಓದಲು ಎಡಿನ್‌ಬರೊಗೆ ಹೋಗಿ ಆರು ತಿಂಗಳಾಯಿತು. ಅಲ್ಲಿ ಮುಂದಿನ ತಿಂಗಳು ಒಂದು 'ಬಾಲ್'ಗೆ ಹೋಗುತ್ತೇನೆ, ಅದಕ್ಕಾಗಿ ವಾರಕ್ಕೊಮ್ಮೆ ನೃತ್ಯದ ತರಗತಿಗೂ ಸೇರಿದ್ದೇನೆ ಎಂದು ಫೋನಿನಲ್ಲಿ ಹೇಳಿದಳಂತೆ. "ಓದಲಿಕ್ಕೆ ಕಳಿಸಿದ್ದೇ ಹೊರತು ಕುಣಿಯಲಿಕ್ಕಲ್ಲ ಸಾರ್. ಅವರಪ್ಪ ಎರಡು ದಿನದಿಂದ ಅವಳ ಹತ್ತಿರ ಮಾತೇ ಆಡಿಲ್ಲ. ಇದೇನೆಂದು ನೀವಾದರೂ ಹೇಳಿ" ಎಂಬುದು ಅವರ ಅಳಲು.

ಬಾಲ್ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಹಳೆಯ ಸಿನಿಮಾದ ಕ್ಲಬ್ಬು. ಮಬ್ಬು ಬೆಳಕು, ಸಿಗರೇಟಿನ ಹೊಗೆ, ಮೂಲೆಯಲ್ಲಿ ಗ್ಲಾಸು ಹಿಡಿದ ಖಳನಾಯಕ. ಆ ತಂದೆಯ ಮನಸ್ಸಿನಲ್ಲೂ ಅದೇ ಚಿತ್ರ ಇದ್ದೀತು. ಸ್ಕಾಟಿಷ್ ಕಂಟ್ರಿ ಡಾನ್ಸ್ ಬಾಲ್ ಅಂಥದ್ದಲ್ಲ. 2018ರಲ್ಲಿ ಸಂಬಂಧಿಕರ ಮನೆಗೆಂದು ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಗೋಡೆಗೆ ಆತುಕೊಂಡು ಕುಳಿತು ಅದನ್ನು ನೋಡಿದ್ದೇನೆ. ಸಭಾಂಗಣದ ದೀಪಗಳೆಲ್ಲ ಉರಿಯುತ್ತಿದ್ದವು. ವೇದಿಕೆಯ ಮೇಲೆ ಅಕಾರ್ಡಿಯನ್, ಪಿಟೀಲು, ಪಿಯಾನೊ, ಡ್ರಮ್. ಗಂಡಸರು ಕಿಲ್ಟ್ ಉಟ್ಟಿದ್ದರು, ಹೆಂಗಸರು ನೆಲ ಮುಟ್ಟದಷ್ಟು ಉದ್ದದ ಗೌನು ತೊಟ್ಟಿದ್ದರು. ಹದಿನೆಂಟರ ಹುಡುಗನ ಎದುರು ಎಪ್ಪತ್ತರ ಅಜ್ಜಿ ನಿಂತಿದ್ದರು. ಸಂಗೀತ ಆರಂಭವಾದಾಗ ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿ ವಂದಿಸಿದರು.

ಈ ನೃತ್ಯದ ಘಟಕ ಜೋಡಿಯಲ್ಲ, 'ಸೆಟ್'. ಸಾಮಾನ್ಯವಾಗಿ ನಾಲ್ಕು ಜೋಡಿ, ಅಂದರೆ ಎಂಟು ಮಂದಿ, ಎದುರುಬದುರಾಗಿ ಎರಡು ಸಾಲಿನಲ್ಲಿ ನಿಲ್ಲುತ್ತಾರೆ. ವಾದ್ಯದವರ ಹತ್ತಿರ ಇರುವವರು ಒಂದನೇ ಜೋಡಿ. ಹೆಚ್ಚಿನ ನೃತ್ಯಗಳು ಸಂಗೀತದ 32 ಬಾರ್‌ಗಳಲ್ಲಿ ಒಂದು ಸುತ್ತು ಮುಗಿಯುತ್ತವೆ. ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಿರಿ. ಆರಂಭದಲ್ಲಿ 1-2-3-4 ಎಂಬ ಕ್ರಮವಿದ್ದರೆ ಒಂದು ಸುತ್ತು ಮುಗಿಯುವಾಗ ಅದು 2-1-3-4 ಆಗಿರುತ್ತದೆ. ಎರಡನೇ ಸುತ್ತಿಗೆ 2-3-1-4. ಆಗ ಒಂದನೇ ಜೋಡಿ ಕೆಳಕ್ಕೆ ಜಾರಿ 2-3-4-1 ಆಗುತ್ತದೆ, ಎರಡನೆಯವರು ತಲೆಗೆ ಬರುತ್ತಾರೆ. ಹೀಗೆ ಎಂಟು ಸುತ್ತು, 256 ಬಾರ್ ಮುಗಿದಾಗ ಎಲ್ಲರೂ ತಮ್ಮ ತಮ್ಮ ಮೂಲ ಜಾಗದಲ್ಲಿ! ಪಿ.ಯು.ಸಿ. ಗಣಿತದ ಕ್ರಮಯೋಜನೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಚುರುಕಾದ ರೀಲ್ ಅಥವಾ ಜಿಗ್ ಆದರೆ ಇಷ್ಟಕ್ಕೆ ಸುಮಾರು ಐದು ನಿಮಿಷ ಹಿಡಿಯುತ್ತದೆ. ಸ್ಪೇ ನದಿಯ ಕಣಿವೆಯಿಂದ ಹೆಸರು ಪಡೆದ ನಿಧಾನಗತಿಯ ಸ್ಟ್ರಾತ್‌ಸ್ಪೇ ಆದರೆ ಎಂಟು ನಿಮಿಷದಷ್ಟು.

ಈ ನೃತ್ಯಗಳ ಒಂದು ಭಾಗಕ್ಕೆ 'ರೀಲ್ ಆಫ್ ತ್ರೀ' ಎಂದು ಹೆಸರು. ಮೂವರು ಒಬ್ಬರ ಹಿಂದೊಬ್ಬರು 8ರ ಆಕಾರದ ದಾರಿಯಲ್ಲಿ, ನಡುವೆ ಡಿಕ್ಕಿಯಾಗದಂತೆ ಹಾಯುತ್ತಾರೆ. (ಇಂಗ್ಲಿಷಿನ 8, ನಮ್ಮ ೮ರಂತೆ ನಡೆದರೆ ಯಾರೂ ವಾಪಸು ಬರಲಾರರು.) ಇಡೀ ದಾರಿ ಮುಗಿಸಲು ಎಂಟೇ ಬಾರ್, ರೀಲ್ ಗತಿಯಲ್ಲಿ ಒಂಬತ್ತು ಸೆಕೆಂಡಿನ ಆಸುಪಾಸು. ಶತಮಾನಗಳಷ್ಟು ಹಳೆಯ ಹೆಣಿಗೆ ಇದು. 1993ರಲ್ಲಿ ಕ್ರಿಸ್ ಮೂರ್ ಎಂಬ ಭೌತವಿಜ್ಞಾನಿ ಕಂಪ್ಯೂಟರ್ ಲೆಕ್ಕದಿಂದ ಒಂದು ಸಂಗತಿ ಕಂಡುಕೊಂಡರು: ಸಮಾನ ದ್ರವ್ಯರಾಶಿಯ ಮೂರು ಕಾಯಗಳು ಪರಸ್ಪರ ಗುರುತ್ವಾಕರ್ಷಣೆಯೊಂದರಿಂದಲೇ 8ರ ಆಕಾರದ ಒಂದೇ ಕಕ್ಷೆಯಲ್ಲಿ ಒಂದನ್ನೊಂದು ಹಿಂಬಾಲಿಸುತ್ತ ಸುತ್ತಬಲ್ಲವು. 2000ದಲ್ಲಿ ಶೆನ್ಸಿನೆ ಮತ್ತು ಮಾಂಟ್ಗೊಮರಿ ಎಂಬ ಗಣಿತಜ್ಞರು ಅದನ್ನು ಸಾಧಿಸಿ ತೋರಿಸಿದರು. ಎಷ್ಟೋ ತಲೆಮಾರಿನ ಸ್ಕಾಟಿಷ್ ಹಳ್ಳಿಗರು ಆ ಕಕ್ಷೆಯನ್ನು ಕಾಲಲ್ಲೇ ಬರೆದಿದ್ದರು ಎಂದರೆ ಗಣಿತಜ್ಞರು ಬೇಸರಿಸಲಾರರು ಎಂದುಕೊಂಡಿದ್ದೇನೆ.

ಆ ಹುಡುಗಿ ತರಗತಿಗೆ ಏಕೆ ಸೇರಿದಳು ಎಂಬುದಕ್ಕೆ ಈಗ ಬರೋಣ. ಔಪಚಾರಿಕ ಬಾಲ್‌ನ ಕಾರ್ಯಕ್ರಮಪಟ್ಟಿ ಮೊದಲೇ ಕೈಗೆ ಬರುತ್ತದೆ. ಹದಿನೆಂಟು, ಇಪ್ಪತ್ತು ನೃತ್ಯಗಳು, ಒಂದೊಂದರ ಹೆಣಿಗೆಯೂ ಬೇರೆ. ಅಂದು ಅಂಗಳದಲ್ಲಿ ಯಾರೂ ನಡೆಸಿ ಕಲಿಸುವುದಿಲ್ಲ. ಕೆಲವೆಡೆ ಒಮ್ಮೆ ಬಾಯಲ್ಲಿ ಓದಿ ಹೇಳುವುದುಂಟು, ಅಷ್ಟೆ. ಹಾಗಾಗಿ ಜನ ಪುಟ್ಟ ಚೀಟಿಗಳಲ್ಲಿ ಸಂಕ್ಷಿಪ್ತ ಟಿಪ್ಪಣಿ ಬರೆದುಕೊಂಡು, ಜೇಬಿನಲ್ಲಿಟ್ಟು, ಸಾಲಿಗೆ ನಿಲ್ಲುವ ಮುಂಚೆ ತೆಗೆದು ನೋಡುತ್ತಾರೆ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಮ್ಮ ಮಕ್ಕಳು ಮಾಡುವುದೂ ಇದನ್ನೇ. ಆದರೆ ಇಲ್ಲಿ ಅಂಕ ಇಲ್ಲ, ರ್‍ಯಾಂಕ್ ಇಲ್ಲ, ಗೆಲ್ಲುವವರೂ ಇಲ್ಲ. ಹಾಗಾದರೆ ಓದುವುದೇಕೆ? ನೀವು ತಪ್ಪಿದರೆ ಉಳಿದ ಏಳು ಮಂದಿಯ ಆಟ ಕೆಡುತ್ತದೆ, ಅದಕ್ಕೆ.

ತಪ್ಪಂತೂ ಆಗಿಯೇ ಆಗುತ್ತದೆ. ನಾನು ನೋಡುತ್ತಿದ್ದ ಸೆಟ್ಟಿನಲ್ಲಿ ಹುಡುಗನೊಬ್ಬ ದಾರಿ ತಪ್ಪಿ ನಡುವೆ ಕಂಬದಂತೆ ನಿಂತುಬಿಟ್ಟ. ಯಾರೂ ಕೂಗಲಿಲ್ಲ, ತಳ್ಳಲಿಲ್ಲ. ಎದುರಿದ್ದಾಕೆ ಬಲಗೈಯನ್ನು ಒಂದು ಕ್ಷಣ ಮೊದಲೇ ಚಾಚಿದಳು. ಪಕ್ಕದ ಮುದುಕರು ಕಣ್ಣಲ್ಲೇ ಎಡಕ್ಕೆ ತೋರಿಸಿದರು. ನಾಲ್ಕು ಬಾರ್ ಕಳೆಯುವಷ್ಟರಲ್ಲಿ ಅವನು ಲಯಕ್ಕೆ ಬಂದಿದ್ದ. ಹೊಸಬರಿಗೆ ಅಲ್ಲಿ ಹೇಳಿಕೊಡುವ ಒಂದು ಸೂತ್ರವಿದೆ: ತಪ್ಪಿಹೋದ ಭಾಗವನ್ನು ಮುಗಿಸಲು ಹೆಣಗಬೇಡ, ಮುಂದಿನ ಭಾಗ ಎಲ್ಲಿಂದ ಆರಂಭವೋ ಅಲ್ಲಿಗೆ ಹೋಗಿ ಸಿದ್ಧನಾಗಿ ನಿಲ್ಲು. ಪಕ್ಕದವನ ಕಡೆ ನೋಡಬೇಡ ಎಂದು ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಗದರಿಸಿದವನು ನಾನು. ಅಲ್ಲಿ ನೋಡದಿದ್ದರೇ ತಪ್ಪು.

ಇಷ್ಟೆಲ್ಲ ಶಿಸ್ತು ತಾನಾಗಿ ಉಳಿದು ಬಂದದ್ದಲ್ಲ. ಮೊದಲ ಮಹಾಯುದ್ಧದ ಬಳಿಕ ಈ ನೃತ್ಯಗಳು ಮರೆಯಾಗತೊಡಗಿದ್ದವು. 1923ರಲ್ಲಿ ಗ್ಲಾಸ್ಗೊದಲ್ಲಿ ಇಬ್ಬರು ಮಹಿಳೆಯರು ಒಂದು ಸಂಘ ಕಟ್ಟಿದರು. ಯಸೊಬೆಲ್ ಸ್ಟುವರ್ಟ್ ಗರ್ಲ್ ಗೈಡ್ಸ್ ಚಳವಳಿಯವರು. ಜೀನ್ ಮಿಲಿಗನ್ ದೈಹಿಕ ಶಿಕ್ಷಣದ ಅಧ್ಯಾಪಕಿ. ಹಳೆಯ ಹಸ್ತಪ್ರತಿಗಳನ್ನು ಹುಡುಕಿ, ಹಳಬರನ್ನು ಕೇಳಿ, ನೃತ್ಯಗಳನ್ನು ಪುಸ್ತಕಗಳಿಗೆ ಇಳಿಸಿದರು. 1951ರಲ್ಲಿ ಸಂಘದ ಹೆಸರಿಗೆ 'ರಾಯಲ್' ಸೇರಿತು. ಇಂದು ಜಪಾನ್, ಕೆನಡಾ, ನ್ಯೂಜಿಲೆಂಡ್‌ಗಳಲ್ಲೂ ಅದರ ಶಾಖೆಗಳಿವೆ. ಮೇಡಂ ಮಿಲಿಗನ್ 1978ರಲ್ಲಿ ತೊಂಬತ್ತು ದಾಟಿ ತೀರಿಕೊಂಡರು. ನಮ್ಮ ವೃತ್ತಿಯವರು ಎಂದು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಬಾಲ್‌ಗಳಲ್ಲಿ ಬಹಳ ಪ್ರಿಯವಾದ ಒಂದು ನೃತ್ಯ 'ರೀಲ್ ಆಫ್ ದಿ 51ಸ್ಟ್ ಡಿವಿಷನ್'. 1940ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ವಾಲೆರಿ ಎಂಬಲ್ಲಿ ಸ್ಕಾಟ್ಲೆಂಡಿನ 51ನೇ ಹೈಲ್ಯಾಂಡ್ ಡಿವಿಷನ್ನಿನ ಸಾವಿರಾರು ಸೈನಿಕರು ಜರ್ಮನರಿಗೆ ಸೆರೆಸಿಕ್ಕರು. ಅವರಲ್ಲಿ ಜಿಮ್ಮಿ ಅಟ್ಕಿನ್ಸನ್ ಎಂಬ ಲೆಫ್ಟಿನೆಂಟ್ ಒಬ್ಬರು. ಬವೇರಿಯದ ಲಾಫನ್ ಸೆರೆಶಿಬಿರದಲ್ಲಿ ಅವರೂ ಜೊತೆಗಾರರೂ ಸೇರಿ ಈ ನೃತ್ಯ ಕಟ್ಟಿದರು. ಹಸಿವು, ಚಳಿ, ಮನೆಗೆ ಮರಳುವುದು ಎಂದೋ ತಿಳಿಯದು. ನೃತ್ಯದ ನಡುವೆ ನಾಲ್ವರು ಕೈಹಿಡಿದು ಒಂದು ಕರ್ಣರೇಖೆಯಲ್ಲಿ ನಿಲ್ಲುತ್ತಾರೆ, ಮರುಕ್ಷಣ ಇನ್ನೊಂದು ಕರ್ಣರೇಖೆಯಲ್ಲಿ. ಎರಡನ್ನೂ ಕೂಡಿಸಿ ನೋಡಿದರೆ ಸ್ಕಾಟ್ಲೆಂಡಿನ ಧ್ವಜದ ಓರೆ ಶಿಲುಬೆ. ಸೆರೆಮನೆಯಲ್ಲಿ ಧ್ವಜ ಹಾರಿಸುವಂತಿಲ್ಲವಲ್ಲ, ಮೈಯಲ್ಲೇ ಬರೆದರು. ಆ ಭಾಗ ಬಂದಾಗ ಅಂದು ಸಭಾಂಗಣದ ಅಷ್ಟೂ ಮಂದಿ ಹೋ ಎಂದು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆ ತಾಯಿಗೆ ಕೆಲವು ವ್ಯವಹಾರದ ಮಾತು. ಪ್ರತಿ ನೃತ್ಯಕ್ಕೂ ಜೊತೆಗಾರರು ಬದಲಾಗುವುದೇ ಅಲ್ಲಿಯ ಮರ್ಯಾದೆ. ಹುಡುಗಿಯೂ ಹೋಗಿ ಕರೆಯಬಹುದು, ಇಬ್ಬರು ಹೆಂಗಸರು ಜೊತೆಯಾಗುವುದೂ ಸಾಮಾನ್ಯ. ಸ್ಪರ್ಶವೆಂದರೆ ಬಹುಮಟ್ಟಿಗೆ ಕೈಗೆ ಕೈ. ಪಾನೀಯದ ಕೌಂಟರ್ ಇರುವ ಬಾಲ್‌ಗಳೂ ಇವೆ, ಆದರೆ ತಲೆ ನೆಟ್ಟಗಿಲ್ಲದವನು ಮೂರನೇ ಬಾರ್‌ನಲ್ಲೇ ಸಿಕ್ಕಿಬೀಳುತ್ತಾನೆ. ಸೀರೆ ಉಟ್ಟು ಆ ಜಿಗಿತದ ಹೆಜ್ಜೆ ಕಷ್ಟ, ಚೂಡಿದಾರ್ ವಾಸಿ. ಹಿಮ್ಮಡಿಯಿಲ್ಲದ ಮೆತ್ತನೆಯ ಚರ್ಮದ ಷೂ ಬೇಕು. ಸೆಟ್ ಕೂಡುವಾಗ ಯಾವಾಗಲೂ ಸಾಲಿನ ತುದಿಗೆ ಸೇರಬೇಕು, ನಡುವೆ ನುಗ್ಗಬಾರದು. ಸೇರಿದ ಮೇಲೆ ಬಿಟ್ಟು ಹೋಗಬಾರದು.

ತಂದೆಗೂ ಒಂದು ಮಾತು. ಸ್ಕಾಟ್ಲೆಂಡಿನ ಮಹಾಕವಿ ರಾಬರ್ಟ್ ಬರ್ನ್ಸ್ ಹರೆಯದಲ್ಲಿ ನೃತ್ಯಶಾಲೆಗೆ ಹೋದದ್ದು ಅಪ್ಪನ ಆಜ್ಞೆ ಮೀರಿಯೇ. ಆ ದಿನದಿಂದ ಅಪ್ಪನಿಗೆ ತನ್ನ ಮೇಲೆ ಒಂದು ಬಗೆಯ ಅಸಮಾಧಾನ ಹುಟ್ಟಿತೆಂದು 1787ರಲ್ಲಿ, ಅಪ್ಪ ತೀರಿಕೊಂಡು ಮೂರು ವರ್ಷವಾದ ಮೇಲೆ, ಡಾಕ್ಟರ್ ಜಾನ್ ಮೂರ್ ಅವರಿಗೆ ಬರೆದ ಪತ್ರದಲ್ಲಿ ಅವನು ಪಶ್ಚಾತ್ತಾಪದಿಂದ ನೆನೆದಿದ್ದಾನೆ. ನಿಮ್ಮ ಮಗಳು ಕದ್ದು ಹೋಗಿಲ್ಲ, ಫೋನ್ ಮಾಡಿ ಹೇಳಿದ್ದಾಳೆ. ಈ ಭಾನುವಾರ ನೀವೇ ಫೋನ್ ಮಾಡಿ.

ಅದೇ ಬರ್ನ್ಸ್ 1788ರಲ್ಲಿ ಹಳೆಯ ಪದವೊಂದನ್ನು ತಿದ್ದಿ ಬೆಳೆಸಿದ 'ಆಲ್ಡ್ ಲ್ಯಾಂಗ್ ಸೈನ್' ಹಾಡಿನಿಂದಲೇ ಬಾಲ್ ಮುಗಿಯುವುದು. ಎಲ್ಲರೂ ದೊಡ್ಡ ವೃತ್ತದಲ್ಲಿ ಕೈಹಿಡಿದು ನಿಲ್ಲುತ್ತಾರೆ. ಮೊದಲ ಸಾಲಿನಿಂದಲೇ ತೋಳುಗಳನ್ನು ಎದೆಯ ಮೇಲೆ ಅಡ್ಡ ಹಾಕಿಕೊಳ್ಳುವುದು ಹೊರಗಿನವರು ಮಾಡುವ ತಪ್ಪು. ತೋಳು ಅಡ್ಡ ಹಾಕುವುದು ಕೊನೆಯ ಚರಣ ಬಂದಾಗ ಮಾತ್ರ. ಇದನ್ನು ಮಗಳಿಗೆ ಮೊದಲೇ ತಿಳಿಸಿಬಿಡಿ, ಅಪ್ಪನಿಗೆ ಇದು ಹೇಗೆ ಗೊತ್ತು ಎಂದು ಬೆರಗಾಗಲಿ.